ತಿಕ್ಕಿದವರಿಗೇ ಗೊತ್ತು ತಾಮ್ರದ ಗುಟ್ಟು

ಬೆಳಗಿನ ಆರೂ ಕಾಲು. ಹಳೆ ನಾಣ್ಯದಂಗಡಿಯ ಹಿಂದಿನ ಕೋಣೆ. ಕಿಟಕಿಗೆ ಮುಖ ಮಾಡಿ ಕೂತ ಅಕ್ಕ ತಾಮ್ರದ ನಾಣ್ಯವೊಂದನ್ನು ಅಂಚಿನಲ್ಲಷ್ಟೇ ಹಿಡಿದು ಓರೆಬಿಸಿಲಿಗೆ ತಿರುಗಿಸುತ್ತಿದ್ದಾರೆ. ನಾಣ್ಯಕ್ಕೆ ಇನ್ನೂರೈವತ್ತು ವರ್ಷ, ಅಕ್ಕನಿಗೆ ಐವತ್ತೆರಡು. "ಟ್ಯೂಬ್‌ಲೈಟು ಮುಖಸ್ತುತಿ ಮಾಡುತ್ತೆ ಸಾರ್. ಬಿಸಿಲಿಗೆ ದಾಕ್ಷಿಣ್ಯ ಇಲ್ಲ," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಬಂದ ನನಗೆ.

ಬೀದಿಯವರಿಗೆಲ್ಲ ಇವರು ಭೂತಗನ್ನಡಿ ಅಕ್ಕ. ನಾಣ್ಯತಜ್ಞರ ಸಭೆಗೆ ಇವರಿಗೆ ಕರೆಯಿಲ್ಲ. ಅಲ್ಲಿ ಶಾಲು ಹೊದ್ದು ಭಾಷಣ ಬಿಗಿಯುವವರು ಅಂಗಡಿಯ ಯಜಮಾನರು. ಇಪ್ಪತ್ತು ವರ್ಷ ಕಂಡವರ ಮನೆಯ ತಾಮ್ರದ ಪಾತ್ರೆ ತಿಕ್ಕಿದ ಅಕ್ಕ, ಇಲ್ಲಿಗೆ ಬಂದದ್ದು ಹನ್ನೊಂದು ವರ್ಷದ ಹಿಂದೆ, ಕಸ ಗುಡಿಸಲು. ಬಂದ ದಿನವೇ, ಪಾಪ ಮಂಕಾಗಿವೆಯಲ್ಲ ಅಂತ, ನಲವತ್ತು ನಾಣ್ಯಗಳನ್ನು ಫಳಫಳ ಉಜ್ಜಿಟ್ಟರು. ಯಜಮಾನರು ಎದೆ ಹಿಡಿದುಕೊಂಡು ನೆಲಕ್ಕೆ ಕೂತರು.

"ಮೆಚ್ಚಿ ಮಾತೇ ಹೊರಡ್ತಿಲ್ಲ ಅನ್ಕೊಂಡೆ," ಅಕ್ಕ ನಗುತ್ತಾರೆ. "ಆಮೇಲೆ ಗೊತ್ತಾಯ್ತು, ಆ ಕಂದು ಬಣ್ಣ ಕೊಳೆ ಅಲ್ಲ, ಚರ್ಮ. ನಾನು ಸುಲಿದುಬಿಟ್ಟಿದ್ದೆ. ತಿಕ್ಕಿದ ನಾಣ್ಯಕ್ಕೆ ಬೆಲೆ ಬಿದ್ದುಹೋಗುತ್ತೆ."

ಆ ತಪ್ಪೇ ವಿದ್ಯೆಯಾಯಿತು. ಬೂದಿ ಎಳೆದ ಗೆರೆ ಯಾವುದು, ಮರಳಿನದು ಯಾವುದು, ನಿಂಬೆಹಣ್ಣು ಬಿಟ್ಟ ಕೆಂಪು ಯಾವುದು, ದಪ್ಪ ಪುಸ್ತಕ ಓದಿದವರಿಗೆ ಕಾಣದ್ದು ಇವರಿಗೆ ಕಾಣುತ್ತದೆ. ದಿನಕ್ಕೆ ಅರವತ್ತು ನಾಣ್ಯ. ತೂಗಿ, ಅಂಚು ನೋಡಿ, ಐದು ದರ್ಜೆಗಳಲ್ಲಿ ಒಂದನ್ನು ಚೀಟಿಗೆ ಬರೆಯುತ್ತಾರೆ. ಹತ್ತು ಗಂಟೆಗೆ ಅದೇ ಕೈ ಪೊರಕೆ ಹಿಡಿಯುತ್ತದೆ. ಹಾಜರಿ ಪುಸ್ತಕದಲ್ಲಿ ಇವತ್ತಿಗೂ ಇವರು ಕಸ ಗುಡಿಸುವವರೇ. ಇದರಲ್ಲಿ ಯಾರಿಗೂ ಎಳ್ಳಷ್ಟು ವಿಚಿತ್ರ ಕಂಡಿಲ್ಲ, ನೋಡಿ!

ನಾನು ಕೂತಿರುವಾಗಲೇ ಯಜಮಾನರು ಒಳಬರುತ್ತಾರೆ. ಕೈಯಲ್ಲಿ ಅಂಗಡಿಯ ಅತಿ ಅಪರೂಪದ ನಾಣ್ಯ. ಅದನ್ನು ಕೊಳ್ಳಲು ಬಂದ ಹಿರಿಯ ಸಂಗ್ರಾಹಕರು ಹೊರಗೆ ಕಾಯುತ್ತಿದ್ದಾರೆ.

"ಮೊದಲ ದರ್ಜೆ ಅಂತ ಬರಿ."

"ಇದನ್ನ ತಿಕ್ಕಿದಾರೆ ಯಜಮಾನ್ರೇ. ನಾಲ್ಕನೇದು."

"ಬರೀದಿದ್ರೆ ನಾಳೆಯಿಂದ ಈ ಕುರ್ಚಿ ಇಲ್ಲ. ಪೊರಕೆ ಅಷ್ಟೇ."

"ಪೊರಕೆ ಈಗ್ಲೂ ನಂದೇ ಅಲ್ವಾ?"

ಅಕ್ಕ ಪೆನ್ನು ಎತ್ತಿಕೊಳ್ಳುತ್ತಾರೆ. ಹುಟ್ಟಿದ ಮೇಲೆ ಅಕ್ಕನಿಗೆ ಕೂತು ಮಾಡುವ ಕೆಲಸ ಸಿಕ್ಕಿರುವುದು ಇದೊಂದೇ. ಆದರೂ ಚೀಟಿಯ ಮೇಲೆ 'ನಾಲ್ಕು' ಬೀಳುತ್ತದೆ.

"ತಿಕ್ಕಿದ್ದು ಯಾರಮ್ಮ?" ಬಾಗಿಲಲ್ಲಿ ಸಂಗ್ರಾಹಕರು! ಎಲ್ಲ ಕೇಳಿಸಿಕೊಂಡಿದ್ದಾರೆ.

ಅಕ್ಕ ನಾಣ್ಯವನ್ನು ಬೆಳಕಿಗೆ ಹಿಡಿಯುತ್ತಾರೆ. "ಯಾರೋ ಗೊತ್ತಿಲ್ಲ ಸಾರ್. ನಡುವೆ ಸವರಿ, ಅಕ್ಷರದ ಸಂದಿ ಹಾಗೇ ಬಿಟ್ಟಿದಾರೆ. ಪಾತ್ರೆ ತೊಳೆದವರು ಸಂದಿ ಬಿಡಲ್ಲ. ಜನ್ಮದಲ್ಲಿ ಒಂದು ಲೋಟ ತೊಳೆಯದ ಕೈ ಇದು."

ಯಜಮಾನರ ಕೈ ಮೆಲ್ಲನೆ ಜೇಬಿಗಿಳಿಯುತ್ತದೆ. "ಅಕ್ಷರ ಎದ್ದು ಕಾಣ್ಲಿ ಅಂತ... ಚೂರೇ ಚೂರು..."

ಸಂಗ್ರಾಹಕರು ಆ ನಾಣ್ಯ ಮುಟ್ಟುವುದಿಲ್ಲ. ತಮ್ಮದೇ ಎಂಬತ್ತು ನಾಣ್ಯಗಳ ಪೆಟ್ಟಿಗೆಯನ್ನು ಅಕ್ಕನ ಮೇಜಿಗೆ ತಂದಿಡುತ್ತಾರೆ. "ಇವನ್ನ ನೀವೇ ನೋಡ್ಬೇಕು. ಇವರ ಕೈಗೆ ಮಾತ್ರ ಕೊಡಬೇಡಿ." ಅಲ್ಲಿಗೆ ಕುರ್ಚಿ ಉಳಿಯುತ್ತದೆ. ನ್ಯಾಯಕ್ಕೆ ಬಗ್ಗದ ಯಜಮಾನರು ಗಿರಾಕಿಗೆ ಬಗ್ಗುತ್ತಾರೆ.

ಹೊರಡುವ ಮುನ್ನ, ಪತ್ರಿಕೆಗೊಂದು ಫೋಟೋ ಬೇಕು, ಎದ್ದು ನಿಲ್ಲುತ್ತೀರಾ ಎಂದು ಕೇಳುತ್ತೇನೆ. ಅಕ್ಕ ಬೆನ್ನು ನೆಟ್ಟಗೆ ಮಾಡಿ ಇನ್ನಷ್ಟು ಹಿಂದಕ್ಕೆ ಒರಗುತ್ತಾರೆ.

"ಕೂತಿರೋದೇ ತೆಗೀರಿ ಸಾರ್. ನಿಂತಿರೋದನ್ನ ಎಲ್ರೂ ನೋಡಿದಾರೆ."