ಸ್ಕೇಲಮ್ಮನ ಕೆಂಪು ಡ್ರಮ್ಮು

ನನ್ನ ವಾರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇಕೆ? ಅವಳು ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ಅತ್ತೆಯ ಬಾಯಲ್ಲಿ ಒಂದೇ ಮಾತು: ಚಿಕ್ಕವಳ ಕೈ ಅಂದರೆ ಕೈ. ಹಾಗಾದರೆ ದೊಡ್ಡ ಸೊಸೆಯಾದ ನನ್ನದೇನು, ಕಾಲೇ?

ಅವಳು ಮಹಡಿಯ ಮೇಲೆ, ನಾನು ಕೆಳಗೆ. ಇಬ್ಬರೂ ಮನೆಯಲ್ಲೇ ಕಲರ್ ಲೇಸರ್ ಪ್ರಿಂಟರ್ ಇಟ್ಟುಕೊಂಡು ಆಮಂತ್ರಣ, ಲೇಬಲ್, ಶಾಲೆಯ ಪುಸ್ತಕ ಎಂದು ಮುದ್ರಿಸಿಕೊಡುತ್ತೇವೆ. ಮೊದಲು ಕೊಂಡವಳು ಅವಳು. ಅದನ್ನು ನೋಡಿ ಅದೇ ಅಂಗಡಿಯಿಂದ ಅದೇ ಮಾದರಿಯದನ್ನು ತಂದವಳು ನಾನು. ಅವಳದರಲ್ಲಿ ಬಂದ ಗುಲಾಬಿ ಗುಲಾಬಿಯಂತಿರುತ್ತದೆ. ನನ್ನದರಲ್ಲಿ ಬಂದದ್ದು ನಾಲ್ಕು ದಿನದ ಹಿಂದೆ ಕಿತ್ತದ್ದರಂತಿರುತ್ತದೆ.

ಅವಳ ಕೆಲಸದ ರೀತಿಯೇ ಬೇರೆ. ಬೆಳಿಗ್ಗೆ ಮೊದಲು ಒಂದು ಪರೀಕ್ಷೆಯ ಹಾಳೆ ತೆಗೆಯುತ್ತಾಳೆ, ನಾಲ್ಕು ಬಣ್ಣದ ನಾಲ್ಕು ಪಟ್ಟಿ. ಕಿಟಕಿಯ ಹತ್ತಿರ ಹಿಡಿದು ನೋಡಿ, ತಾರೀಖು ಬರೆದು ಫೈಲಿಗೆ ಸೇರಿಸುತ್ತಾಳೆ. ಎಲ್ಲಿ ಹೋದರೂ ಕೈಯಲ್ಲೊಂದು ಉಕ್ಕಿನ ಸ್ಕೇಲು. ಅದಕ್ಕೇ ನಾನಿಟ್ಟ ಹೆಸರು ಸ್ಕೇಲಮ್ಮ. ಮಕ್ಕಳು ಅದನ್ನು ಕಲಿತು ಮುಖದೆದುರೇ ಕರೆದವು. ಅವಳು ನಕ್ಕಳು. ಕೋಪಿಸಿಕೊಂಡಿದ್ದರೆ ನನಗೆಷ್ಟು ಹಿತವಾಗುತ್ತಿತ್ತು!

ಈ ಸಲ ಶಾಲೆಯ ಮಕ್ಕಳ ಚಿತ್ರಗಳ ಪುಸ್ತಕ ನನಗೆ ಬಂತು. ಬಂತೆಂದರೆ, ಅವಳಿಗೆ ಬೇರೆ ಕೆಲಸವಿದೆಯೆಂದು ತಿಳಿದು ನಾನೇ ಹೋಗಿ ಕೇಳಿ ತಂದೆ. ಇದು ಚೆನ್ನಾಗಿ ಬಂದರೆ ವರ್ಷದ ಕೆಲಸವೆಲ್ಲ ನಿಮಗೇ ಎಂದಿದ್ದರು ಹೆಡ್‌ಮಿಸ್ಸು. ಸಂಜೆ ಐದಕ್ಕೆ ಒಪ್ಪಿಸಬೇಕಿತ್ತು.

ಬೆಳಿಗ್ಗೆ ಮೊದಲ ಹಾಳೆಯಲ್ಲೇ ಕೆಂಪು ಚುಕ್ಕೆ. ಒಂದಲ್ಲ, ಮೇಲಿಂದ ಕೆಳಕ್ಕೆ ಸಾಲಾಗಿ ಮೂರು. ಟೋನರ್ ಅಲ್ಲಾಡಿಸಿದೆ, ಕಾಗದ ಬದಲಿಸಿದೆ, ಆಫ್ ಮಾಡಿ ಆನ್ ಮಾಡಿದೆ, ಒಂದು ಗುದ್ದೂ ಕೊಟ್ಟೆ. ಚುಕ್ಕೆ ಜಪ್ಪಯ್ಯ ಅಂದರೂ ಹೋಗಲಿಲ್ಲ.

ಸದ್ದು ಕೇಳಿ ಅವಳೇ ಇಳಿದು ಬಂದು ಹಾಳೆಯ ಮೇಲೆ ಸ್ಕೇಲಿಟ್ಟಳು.

“ಅಕ್ಕಾ, ಚುಕ್ಕೆಯಿಂದ ಚುಕ್ಕೆಗೆ ಸರಿಯಾಗಿ ಏಳೂವರೆ ಸೆಂಟಿಮೀಟರ್. ಬಣ್ಣ ಹೊತ್ತು ತರೋ ಉರುಳೆ ಇದ್ಯಲ್ಲ, ಡ್ರಮ್ಮು, ಅದು ಒಂದು ಸುತ್ತು ತಿರುಗಿದ್ರೆ ಅಷ್ಟೇ ದೂರ. ಕೆಂಪು ಡ್ರಮ್ಮಿಗೆ ಏನೋ ಅಂಟಿದೆ. ಒಣಗಿದ ಮೆತ್ತನೆ ಬಟ್ಟೇಲಿ ಹಗುರವಾಗಿ ಒರೆಸಿ. ಆದ್ರೆ ಪರದೆ ಎಳ್ಕೊಳ್ಳಿ, ಬೆಳಕು ತಾಗಬಾರ್ದು. ಹೊರಗಿಟ್ರೆ ಕಪ್ಪು ಬಟ್ಟೆ ಮುಚ್ಚಿ.”

“ಗೊತ್ತು ಗೊತ್ತು, ನಂಗೂ ಕಣ್ಣಿದೆ,” ಎಂದೆ. ಗೊತ್ತಿರಲಿಲ್ಲ.

ಅವಳು ಮೆಟ್ಟಿಲು ಹತ್ತುತ್ತಲೇ ನನ್ನ ತಲೆಯೊಳಗೆ ಹುಳ ಹೊಕ್ಕಿತು. ಕತ್ತಲಲ್ಲಿ ಒರೆಸಬೇಕಂತೆ! ಕೊಳೆ ಕಾಣದಿರಲಿ ಅಂತ ತಾನೇ? ಕೆಲಸ ಕೈತಪ್ಪಿದ ಸಂಕಟಕ್ಕೆ ದಾರಿ ತಪ್ಪಿಸುತ್ತಿದ್ದಾಳೆ. ನನ್ನ ತೌರಿನಲ್ಲಿ ದಿಂಬು, ಹಾಸಿಗೆ, ಬೂಟು, ಡಬ್ಬಿ, ಏನೇ ತೊಳೆದರೂ ಬಿಸಿಲು ಕಾಣಿಸಿಯೇ ಒಳಗೆ ತರುವುದು. ಒದ್ದೆ ಬಟ್ಟೆಯಲ್ಲಿ ಡ್ರಮ್ಮನ್ನು ಚೆನ್ನಾಗಿ ತಿಕ್ಕಿ, ಹಿತ್ತಲ ಕಟ್ಟೆಯ ಮೇಲೆ ಒಂದು ಗಂಟೆ ಬಿಸಿಲಿಗಿಟ್ಟೆ.

ಚುಕ್ಕೆ ಹೋಯಿತು. ಬದಲಿಗೆ ಹಾಳೆಯ ಅರ್ಧಕ್ಕೆ ಕೆಂಪು ಪಟ್ಟೆ ಬಂತು. ಮಕ್ಕಳು ಬರೆದ ಆಕಾಶ, ನಾಯಿಮರಿ, ಅಜ್ಜಿಯ ಮುಖ, ಎಲ್ಲಕ್ಕೂ ಕೆಂಡದ ಬಣ್ಣ. ಅಂಗಡಿಗೆ ಫೋನ್ ಮಾಡಿದರೆ ಹೊಸ ಡ್ರಮ್ಮು ಬರಲು ಮೂರು ದಿನ ಎಂದರು. ಕುರ್ಚಿಯಲ್ಲಿ ಕುಸಿದು ಜೋರಾಗಿ ಅತ್ತುಬಿಟ್ಟೆ.

ಅಳು ಮೇಲಕ್ಕೆ ಕೇಳಿರಬೇಕು. ಮತ್ತೆ ಅವಳೇ ಬಂದಳು, ಕೈಯಲ್ಲಿ ಕಪ್ಪು ಬಟ್ಟೆ ಸುತ್ತಿದ ಗಂಟು. ಹಾಳೆ ನೋಡಿದಳು, ಕಟ್ಟೆಯ ಮೇಲಿದ್ದ ಒದ್ದೆ ಬಟ್ಟೆಯನ್ನೂ ನೋಡಿದಳು. ಪರದೆ ಎಳೆದು ಗಂಟು ಬಿಚ್ಚಿದಳು.

“ನನ್ನ ಡ್ರಮ್ಮು ಹಾಕ್ಕೊಳ್ಳಿ ಅಕ್ಕ. ನನ್ನ ಕಾರ್ಡುಗಳನ್ನ ನಾಳೆ ಕೊಟ್ರಾಯ್ತು.”

ಹಾಕಿದೆ. ಹಾಳೆಗಳು ಒಂದರ ಹಿಂದೊಂದು ಅಪ್ಪಟ ಬಣ್ಣದಲ್ಲಿ ಬಂದವು. ನನ್ನ ಪ್ರಿಂಟರ್ ಕೂಡ ಅವಳ ಕಡೆಯಾಯಿತಲ್ಲ ಎಂದು ಮೈಯೆಲ್ಲ ಉರಿಯಿತು.

ಐದಕ್ಕೆ ಹೆಡ್‌ಮಿಸ್ಸು ಬಂದರು. ಅತ್ತೆ ಕನ್ನಡಕ ಏರಿಸಿ ಪುಸ್ತಕ ತಿರುವಿದರು.

“ಆಹಾ! ಥೇಟ್ ಚಿಕ್ಕವಳ ಕೆಲಸ ಇದ್ದ ಹಾಗೇ ಇದೆ.”

ಬಾಗಿಲ ಬಳಿ ನಿಂತಿದ್ದ ಅವಳ ಕಡೆ ನೋಡಿದೆ. ಈಗ ಬಾಯಿ ಬಿಡುತ್ತಾಳೆ ಎಂದುಕೊಂಡೆ.

“ಎಲ್ಲ ಅಕ್ಕಂದೇ ಕೆಲಸ ಅತ್ತೆ. ಬೆಳಿಗ್ಗೆಯಿಂದ ಊಟಾನೂ ಮಾಡಿಲ್ಲ,” ಎಂದಳು.

ಅಯ್ಯೋ, ಇದನ್ನು ಹೇಗೆ ಸಹಿಸಲಿ! ಬಣ್ಣದಲ್ಲಿ ಗೆದ್ದಳು, ಸರಿ. ಒಳ್ಳೆಯತನದಲ್ಲೂ ಇವಳೇ ಗೆಲ್ಲಬೇಕೆ?

“ಡ್ರಮ್ಮು ಅವಳದು,” ಎಂದುಬಿಟ್ಟೆ. “ಬೇಡ ಅಂದ್ರೂ ನನ್ನದನ್ನ ಬಿಸಿಲಿಗಿಟ್ಟು ನಾನೇ ಹಾಳು ಮಾಡ್ದೆ.”

ಹೆಡ್‌ಮಿಸ್ಸು ನನ್ನನ್ನೂ ಅವಳನ್ನೂ ನೋಡಿದರು. ವರ್ಷದ ಕೆಲಸದ ಆರ್ಡರಿದ್ದ ಕವರು ಆಗಲೇ ಅವರ ಕೈಯಲ್ಲಿತ್ತು. ನನ್ನತ್ತ ಬರುತ್ತಿದ್ದ ಕೈ ತಿರುಗಿ ಅವಳತ್ತ ಹೋಯಿತು.

ಅವಳು ಬೇಡ ಎನ್ನಲಿಲ್ಲ. ಅಕ್ಕನಿಗೇ ಕೊಡಿ ಎನ್ನಲಿಲ್ಲ. ಎರಡೂ ಕೈಯಲ್ಲಿ ಗಬಕ್ಕನೆ ತೆಗೆದುಕೊಂಡು ಎದೆಗೊತ್ತಿಕೊಂಡಳು. ನನ್ನ ಮುಖ ನೋಡಲೂ ಇಲ್ಲ.

ಕೆಲಸ ಹೋಯಿತು, ಹೊಟ್ಟೆ ಉರಿಯಿತು. ಆದರೂ, ಸುಳ್ಳೇಕೆ ಹೇಳಲಿ, ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ನನಗೆ ಸ್ವಂತ ತಂಗಿಯ ಹಾಗೆ ಕಂಡಳು.