ಜೋಳದ ಹೊಲದಾಚೆಗೆ ಕೇಳಿಸಿದ ಪಿಯಾನೊ

ನಮ್ಮ ಮೂವರ ಕೂಟಕ್ಕೆ ಹೆಸರೇನೂ ಇರಲಿಲ್ಲ. ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಿದ್ದೆವು. ಒಂದೇ ಪಿಯಾನೊ ಕೃತಿಯನ್ನು ಬೇರೆ ಬೇರೆಯವರು ನುಡಿಸಿದ ರೆಕಾರ್ಡುಗಳಲ್ಲಿ ಕೇಳಿ, ಯಾರದು ಮೇಲು ಎಂದು ಊಟ ಮುಗಿದು ಕೈ ಒಣಗಿದ ಮೇಲೂ ಜಗಳವಾಡುತ್ತಿದ್ದೆವು.

ಹುಣಸೂರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿರುವ ನನಗೆ ಈ ಹುಚ್ಚು ಹತ್ತಿದ್ದು ಕೊಡಗಿನ ಕಡೆಯ ಕಾಫಿ ತೋಟದ ಒಬ್ಬ ಮುದುಕಿಯಿಂದ. ಮಂಡಿನೋವಿನ ಮಾತ್ರೆಗೆ ಬರುತ್ತಿದ್ದ ಆಕೆ, ತೋಟ ಬಿಟ್ಟು ಹೋಗುವಾಗ ಒಂದು ಪೆಟ್ಟಿಗೆ ರೆಕಾರ್ಡುಗಳನ್ನೂ ಹಳೆಯ ಪ್ಲೇಯರನ್ನೂ ತಂದು ಕೌಂಟರಿನ ಮೇಲಿಟ್ಟು, "ಬೇಡವಾದರೆ ಯಾರಿಗಾದರೂ ಕೊಟ್ಟುಬಿಡಮ್ಮ" ಎಂದು ಹೋದರು. ಕೊಡಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಕಿಕೊಂಡು ಕೇಳತೊಡಗಿದೆ. ಒಂದು ದಿನ ಬಿ.ಪಿ. ಮಾತ್ರೆಗೆಂದು ಬಂದ ನಿವೃತ್ತ ಲೆಕ್ಚರರೊಬ್ಬರು ಮಾತ್ರೆಯ ಹಾಳೆ ಕೈಯಲ್ಲಿ ಹಿಡಿದುಕೊಂಡು, ಆ ರೆಕಾರ್ಡು ಮುಗಿಯುವವರೆಗೂ ಕದಲದೆ ನಿಂತರು. ನಾವು ಅವರನ್ನು ಮೇಷ್ಟ್ರು ಎಂದೇ ಕರೆಯುವುದು. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯ ಊರಿನಿಂದ ಮುಂದೆ, ಕಾಡಂಚಿನಲ್ಲಿರುವ ಹೆಂಡತಿಯ ಜಮೀನಿನಲ್ಲಿ ಮನೆ ಕಟ್ಟಿಸಿಕೊಂಡು ಅಲ್ಲೇ ಇದ್ದಾರೆ. ಬೇಸಾಯವೆಲ್ಲ ಹೆಂಡತಿಯದು. ಅವರನ್ನು ನಾನು ಅಕ್ಕ ಎನ್ನುತ್ತೇನೆ.

ಮೂರನೆಯವರು ಕೆ.ಆರ್. ನಗರದ ಅಕ್ಕಿ ಮಿಲ್ಲಿನ ಮಾಲೀಕರು. ಮಗಳನ್ನು ಮೈಸೂರಿಗೆ ಪಿಯಾನೊ ಪಾಠಕ್ಕೆ ಕರೆದೊಯ್ದು ಹೊರಗೆ ಬೆಂಚಿನ ಮೇಲೆ ಕಾಯುತ್ತ ಕುಳಿತವರಿಗೆ ಕಿವಿ ಅಲ್ಲೇ ಅಂಟಿಕೊಂಡಿತು. ಮಗಳು ಪಾಠ ಬಿಟ್ಟಳು, ಇವರು ಬಿಡಲಿಲ್ಲ. ಮಿಲ್ಲಿನ ಹಿಂದೊಂದು ಕೋಣೆಯ ಗೋಡೆಗೆಲ್ಲ ಖಾಲಿ ಗೋಣಿಚೀಲ ಹೊಡೆಸಿ, ಸದ್ದು ಮಾರ್ದನಿಸದ ಹಾಗೆ ಮಾಡಿಕೊಂಡಿದ್ದರು.

ಮಿಲ್ಲಿನವರಿಗೆ ಸ್ಟುಡಿಯೋದಲ್ಲಿ ಮಾಡಿದ ಹೊಸ ರೆಕಾರ್ಡಿಂಗುಗಳೇ ಬೇಕು. ಒಂದು ಚರಪರ ಸದ್ದಿರಬಾರದು. ಮೇಷ್ಟ್ರಿಗೆ ಸಭೆಯಲ್ಲಿ ಜನರ ಮುಂದೆ ನುಡಿಸಿದ್ದೇ ಬೇಕು. ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ತಪ್ಪಿದ ಸ್ವರ ಎಲ್ಲವೂ ಇರಬೇಕು.

"ನಾನು ಪಿಯಾನೊ ಕೇಳಕ್ಕೆ ಬಂದಿರೋದು ಮೇಷ್ಟ್ರೇ, ಯಾವನದೋ ಕೆಮ್ಮು ಕೇಳಕ್ಕಲ್ಲ" ಎಂದು ಇವರು.

"ಕೆಮ್ಮಿದೋನು ಬದುಕಿದ್ದ ಅಂತಾದ್ರೂ ಗೊತ್ತಾಯ್ತದಲ್ರೀ! ನಿಮ್ ರೆಕಾರ್ಡ್‌ನಲ್ಲಿ ನುಡಿಸೋನೇ ಸತ್ತಂಗವ್ನೆ" ಎಂದು ಅವರು.

ನನ್ನದು ಇಬ್ಬರಿಗೂ ಹಿಡಿಸದ ರುಚಿ. ನಿಧಾನದ ಭಾಗವನ್ನು ಯಾರು ಎಲ್ಲರಿಗಿಂತ ನಿಧಾನವಾಗಿ ನುಡಿಸುತ್ತಾರೋ, ಒಂದು ಸ್ವರ ಪೂರ್ತಿ ಆರುವ ತನಕ ಮುಂದಿನದನ್ನು ಮುಟ್ಟದೆ ಯಾರು ತಡೆದುಕೊಳ್ಳುತ್ತಾರೋ, ಅವರೇ ನನ್ನವರು.

ಆ ಭಾನುವಾರ ಮೇಷ್ಟ್ರ ಮನೆಯ ಸರದಿ. ಮಿಲ್ಲಿನವರು ಕಾರಿನಲ್ಲಿ ಹುಣಸೂರಿಗೆ ಬಂದು ನನ್ನನ್ನು ಹತ್ತಿಸಿಕೊಂಡರು. ಊಟಕ್ಕೆ ಅಕ್ಕ ಅವರೆಕಾಳಿನ ಸಾರು ಮಾಡಿದ್ದರು. ಊಟವಾದ ಮೇಲೆ, "ತ್ರೀ ಫೇಸ್ ಕರೆಂಟ್ ಬಂದದೆ, ಸುಂಟಿಗೆ ನೀರು ಬುಟ್ಟು ಬತ್ತೀನಿ. ನೀವು ಬಾರಿಸ್ಕೊಂಡು ಕೂತ್ಕಳಿ" ಎಂದು ಪಂಪ್‌ಮನೆಗೆ ಹೊರಟರು. ಪಂಪ್‌ಮನೆ ಇರುವುದು ಮನೆಯ ಹಿಂದಿನ ಮುಸುಕಿನ ಜೋಳದ ಹೊಲದಾಚೆ. ಹೊಲದ ನಡುವೆ ಕಾಲುದಾರಿಯಷ್ಟೇ, ಗಾಡಿ ಹೋಗುವುದಿಲ್ಲ. ಜೋಳ ಆಳೆತ್ತರ ಮೀರಿ ಬೆಳೆದಿತ್ತು.

ಅಂದು ಕೇಳಲು ಇಟ್ಟುಕೊಂಡಿದ್ದು ಒಂದು ದೊಡ್ಡ ಸೊನಾಟಾ. ಅದರ ಮೊದಲ ಭಾಗ ಅಬ್ಬರದ್ದು, ಎರಡನೆಯದು ತೀರಾ ಮೆಲ್ಲನೆಯದು. ಮೇಷ್ಟ್ರ ಬಳಿ ಇದ್ದದ್ದು ಪೂರ್ವ ಯೂರೋಪಿನ ಒಬ್ಬ ವಾದಕ ತುಂಬಿದ ಸಭೆಯಲ್ಲಿ ನುಡಿಸಿದ ಎಲ್‌ಪಿ. ಮಿಲ್ಲಿನವರು ಪೆನ್‌ಡ್ರೈವಿನಲ್ಲಿ ತಂದದ್ದು ಈಚಿನ ಒಬ್ಬ ಯುವತಿ ನುಡಿಸಿದ್ದು. ಎರಡನ್ನೂ ಒಂದೊಂದು ಸಲ ಕೇಳಿ ಮುಗಿಸಿ, ಆ ಯುವತಿ ಅಬ್ಬರವನ್ನು ಅಳುಕಿ ನುಡಿಸಿದ್ದಾಳೋ ಅಥವಾ ಬೇಕೆಂದೇ ಹಿಡಿತದಲ್ಲಿಟ್ಟಿದ್ದಾಳೋ ಎಂದು ಜಗಳ ಆಡುತ್ತಿದ್ದಾಗ ಮೇಷ್ಟ್ರ ಫೋನು ಹೊಡೆದುಕೊಂಡಿತು.

ಪಕ್ಕದ ಹೊಲದವನು. ಅವನ ಕೂಗು ನಮಗೂ ಕೇಳಿಸಿತು.

"ಮೇಷ್ಟ್ರೇ, ಉಲಿ ಬಂದದೆ ಕಣ್ರೀ! ನಮ್ ಕರಾನ ಕೆಡವಾಕ್ತು. ಜನ ಕೂಗ್ದೇಟ್ಗೆ ಬುಟ್ಟು ನಿಮ್ ಜೋಳದ್ ವಲಕ್ಕೆ ನುಗ್ತು. ನಾನೇ ಕಣ್ಣಾರೆ ನೋಡ್ದೆ. ಫಾರೆಸ್ಟ್‌ನೋರ್ಗೆ ಹೇಳಿವ್ನಿ, ಯಾರೂ ಆಚಿಕೆ ಬರ್ಬ್ಯಾಡಿ!"

ಹುಲಿ ಎಂದದ್ದೇ ತಡ, ಮೇಷ್ಟ್ರು ಎದ್ದರು. ಅಕ್ಕನ ಫೋನು ಕಿಟಕಿಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿದ್ದು ಹಾಕಿದ ಹಾಗೇ ಇತ್ತು. ಅವರು ಅದನ್ನೊಮ್ಮೆ ನೋಡಿ, ಬಾಗಿಲ ಮೂಲೆಯಲ್ಲಿದ್ದ ಕೋಲು ಎತ್ತಿಕೊಂಡು ಹೊರಟೇಬಿಟ್ಟರು. ನಾನೂ ಮಿಲ್ಲಿನವರೂ ಅಡ್ಡ ಹಾಕಿ ಹಿಡಿದುಕೊಂಡೆವು.

"ಬುಡ್ರೀ ನನ್ನ! ಅವ್ಳು ಒಬ್ಳೇ ಅವ್ಳೆ!"

"ಹೊಲದ ಮಧ್ಯ ಹೋಗಬೇಕಲ್ಲ ಮೇಷ್ಟ್ರೇ, ನೀವು ಹೋದ್ರೆ ಇಬ್ರನ್ನೂ ಕಳ್ಕೋತೀವಿ" ಎಂದೆ. ಅಷ್ಟು ಒರಟಾದ ಮಾತು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು.

"ತಾರಸಿ ಮ್ಯಾಲಿಂದ ಕೂಗನ?" ಎಂದರು ಮಿಲ್ಲಿನವರು.

ಮೇಷ್ಟ್ರು ತಲೆ ಅಲ್ಲಾಡಿಸಿದರು. "ಮೋಟ್ರು ಸದ್ದಲ್ಲಿ ಮಾತು ತಿಳಿಯಕಿಲ್ಲ. ಯಾರೋ ಕರೀತಾವ್ರೆ, ಏನು ಅಂತ ಕೇಳಕ್ಕೆ ಆಚಿಕೆ ಬತ್ತಾಳೆ." ಕೋಲು ಕೆಳಗಿಟ್ಟು, ರೆಕಾರ್ಡ್ ಪ್ಲೇಯರಿನ ಕಡೆ ತಿರುಗಿದರು. "ಈ ರೆಕಾರ್ಡ್ ಕಂಡ್ರೆ ಅವ್ಳಿಗಾಗಲ್ಲ. ಈ ಗುದ್ದಾಟ ನಿಲ್ಲೋಗಂಟ ಮನೆ ಒಳಿಕ್ಕೆ ಕಾಲಿಡಲ್ಲ ಅಂತಾಳೆ. ಇಡೋದೂ ಇಲ್ಲ. ಇದು ಕೇಳ್ತಿದ್ರೆ ಅಲ್ಲೇ ಕೂತ್ಕತಾಳೆ."

ಹಿಂದಿನ ಕಿಟಕಿಗಳನ್ನೆಲ್ಲ ತೆರೆದೆವು. ಮಿಲ್ಲಿನವರು ಎರಡೂ ಸ್ಪೀಕರುಗಳನ್ನು ಎತ್ತಿ ಹೊಲದ ಕಡೆ ಮುಖ ಮಾಡಿ ಇಟ್ಟರು. ಎಂದೂ ಮುಕ್ಕಾಲು ದಾಟದ ವಾಲ್ಯೂಮ್ ಗುಂಡಿಯನ್ನು ಮೇಷ್ಟ್ರು ಕೊನೆಯವರೆಗೆ ತಿರುಗಿಸಿದರು. ಮೊದಲ ಹೊಡೆತಕ್ಕೇ ಮೇಜಿನ ಮೇಲಿನ ಲೋಟಗಳು ಕುಣಿದವು.

ನಾನು ತಾರಸಿಗೆ ಹತ್ತಿದೆ. ಯಾರಾದರೊಬ್ಬರು ನೋಡುತ್ತಿರಬೇಕು ಎನಿಸಿತು. ಮೇಲಿಂದ ಕಂಡದ್ದು ಜೋಳದ ಹೂವಿನ ತುದಿಗಳು, ಅದರಾಚೆ ಪಂಪ್‌ಮನೆಯ ತಗಡಿನ ಮಾಡು, ಅಷ್ಟೇ. ದೂರದಿಂದ ಮೋಟರಿನ ಸದ್ದು ಬರುತ್ತಿತ್ತು. ಗಾಳಿ ಬೀಸಿದಾಗ ಜೋಳವೆಲ್ಲ ಒಟ್ಟಿಗೆ ಬಾಗುತ್ತಿತ್ತು. ಗಾಳಿ ನಿಂತ ಮೇಲೂ ಒಂದು ಕಡೆ ಅಲುಗಾಡಿದ ಹಾಗಾಯಿತು. ಅದನ್ನೇ ನೋಡುತ್ತ ನಿಂತೆ. ಕಣ್ಣಲ್ಲಿ ನೀರು ತುಂಬಿ ಎಲ್ಲ ಕಡೆಯೂ ಅಲುಗಾಡುತ್ತಿರುವಂತೆ ಕಂಡಿತು. ಕೆಳಗೆ ರೆಕಾರ್ಡಿನೊಳಗಿನ ಆ ಮನುಷ್ಯ ಪಿಯಾನೊ ಗುದ್ದುತ್ತಲೇ ಇದ್ದ.

ಆಗ ನನಗೆ ಹೊಳೆಯಿತು. ಇನ್ನು ಸ್ವಲ್ಪ ಹೊತ್ತಿಗೆ ಎರಡನೆಯ ಭಾಗ ಬರುತ್ತದೆ. ನಾನು ವರ್ಷಗಟ್ಟಲೆ ಹುಡುಕಿ ಹುಡುಕಿ ಕೇಳಿದ, ಉಸಿರಿನಷ್ಟು ಮೆಲ್ಲಗಿನ ಭಾಗ. ಅದು ಹೊಲ ದಾಟುವುದಿಲ್ಲ. ಅಕ್ಕ ಮುಗಿಯಿತೆಂದುಕೊಂಡು ಹೊರಡುತ್ತಾರೆ. ಮೆಟ್ಟಿಲ ಬಳಿ ಓಡಿ, "ಮೇಷ್ಟ್ರೇ, ಮೆತ್ತಗಿಂದು ಬರ್ತದೆ! ಮೊದಲಿಂದ ಹಾಕಿ!" ಎಂದು ಕೂಗಿದೆ.

ಅವರಿಗೂ ಹೊಳೆದಿತ್ತೆಂದು ಕಾಣುತ್ತದೆ. ಬೇರೆಯವರಿಗೆ ಮುಟ್ಟಲೂ ಕೊಡದ ಆ ರೆಕಾರ್ಡಿನ ಮೇಲೆ ಮುಳ್ಳು ಎಳೆದಾಡಿದ ಕರಕರ ಸದ್ದು ಸ್ಪೀಕರಿನಲ್ಲಿ ದೊಡ್ಡದಾಗಿ ಕೇಳಿಸಿತು. ಮತ್ತೆ ಮೊದಲಿನಿಂದ ಅಬ್ಬರ. ಈಗ ಪ್ರತಿ ಸುತ್ತಿಗೂ ಟಕ್ ಎಂಬ ಗೀರಿನ ಸದ್ದು ಸೇರಿಕೊಂಡಿತ್ತು. ಫಾರೆಸ್ಟ್‌ನವರ ಜೀಪಿನ ಸುಳಿವೇ ಇರಲಿಲ್ಲ.

ಅದು ಎಷ್ಟು ಹೊತ್ತು ನಡೆಯಿತೋ, ಕರೆಂಟು ಹೋಯಿತು.

ಪಿಯಾನೊ ಒಂದು ಸ್ವರದ ನಡುವೆಯೇ ಕುಗ್ಗಿ ನಿಂತಿತು. ಅದರ ಜೊತೆಗೇ ಆಚೆ ಮೋಟರೂ ನಿಂತಿತು. ಮನೆಗೂ ಪಂಪ್‌ಸೆಟ್ಟಿಗೂ ಒಂದೇ ಲೈನು. ಗುದ್ದಾಟವೂ ನಿಂತಿತು, ನೀರೂ ನಿಂತಿತು. ಅಕ್ಕ ಅಲ್ಲಿರುವುದಕ್ಕೆ ಇನ್ನು ಕಾರಣವೇ ಇಲ್ಲ. ಕೂಗೋಣವೆಂದು ಬಾಯಿ ತೆರೆದೆ. ಕೂಗಿದರೆ ಹೊರಗೆ ಬರುತ್ತಾರೆ, ಕೂಗದಿದ್ದರೂ ಹೊರಗೆ ಬರುತ್ತಾರೆ.

ಕೆಳಗೆ ಮುಂಬಾಗಿಲು ದಡಾರನೆ ತೆರೆಯಿತು. ಮಿಲ್ಲಿನವರು ಅಂಗಳಕ್ಕಿಳಿದು ಕಾರಿನ ಕಡೆ ಓಡುತ್ತಿದ್ದರು. ಬೀದಿನಾಯಿ ಬೊಗಳಿದರೂ ನನ್ನ ಹಿಂದೆ ನಿಲ್ಲುವ ಮನುಷ್ಯ. ಬೀಗದ ಕೈ ಒಮ್ಮೆ ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಂಡರು. ಒಳಗೆ ಕುಳಿತು, ಸದ್ದು ಹೊರಗೆ ಹೋಗಲೆಂದು ಎಲ್ಲ ಗಾಜನ್ನೂ ಇಳಿಸಿ, ಪೆನ್‌ಡ್ರೈವ್ ಚುಚ್ಚಿದರು. ಅದೇ ಸೊನಾಟಾ, ಅವರ ಆ ಯುವತಿ ನುಡಿಸಿದ್ದು, ಕಾರಿನ ಸ್ಪೀಕರು ಒಡೆಯುವ ಹಾಗೆ ಹೊರಟಿತು. ತೆರೆದ ಕಿಟಕಿಗಳ ನಡುವೆ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ ಕುಳಿತಿದ್ದ ಅವರನ್ನು ಮೇಲಿನಿಂದ ನೋಡಿದೆ.

ಮೊದಲ ಭಾಗ ಇನ್ನೂ ನಡೆಯುತ್ತಿದ್ದಾಗಲೇ ಜೀಪು ಬಂತು. ಗಾರ್ಡುಗಳು, ಪಕ್ಕದ ಗಿರಿಜನರ ಹಾಡಿಯಿಂದ ಕಾಡು ಕಾಯುವ ವಾಚರುಗಳು, ಹಿಂದೆ ಊರಿನ ಜನ. ಪಟಾಕಿ ಹೊಡೆದರು, ತಮಟೆ ಬಡಿದರು. ಜೋಳದ ಆಚೆ ಅಂಚಿನಲ್ಲಿ ಯಾರೋ "ಓಯ್ತು, ಓಯ್ತು, ಕಾಡ್ ಕಡೀಕೆ ಓಯ್ತು" ಎಂದು ಕೂಗಿದರು. ನನಗಂತೂ ಹುಲಿಯ ಬಾಲವೂ ಕಾಣಲಿಲ್ಲ.

ಗಾರ್ಡುಗಳ ನಡುವೆ ಮೇಷ್ಟ್ರೂ ನಾವೂ ಪಂಪ್‌ಮನೆಗೆ ಹೋದೆವು. ಬಾಗಿಲು ಒಳಗಿನಿಂದ ಹಾಕಿತ್ತು. ಮೇಷ್ಟ್ರು ಬಡಿದಾಗ ಅಕ್ಕ ತೆರೆದರು. ಮುಖ ಬಿಳಿಚಿಕೊಂಡಿದ್ದರೂ ಮಾತು ಸರಿಯಾಗಿಯೇ ಇತ್ತು.

"ಪಟಾಕಿ ಸದ್ದು ಕೇಳಿ ಚಿಲ್ಕ ಹಾಕ್ಕಂಡೆ. ಆನೆ ಅನ್ಕಂಡೆ. ಉಲಿಯಾ?"

"ಆಚಿಕೆ ಬರ್ನಿಲ್ಲ ತಾನೆ?" ಎಂದರು ಮೇಷ್ಟ್ರು. ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. "ಆ ರೆಕಾರ್ಡ್ ಹಾಕಿದ್ದು ನಿನ್ನ ಇಲ್ಲೇ ಕೂರ್ಸಕ್ಕೆ ಕಣೇ."

"ಮೊದ್ಲು ಬರ್ನಿಲ್ಲ. ಆ ಗುದ್ದಾಟಕ್ಕೆ ಯಾರ್ ಬತ್ತಾರೆ? ಆಮ್ಯಾಕೆ ಕರೆಂಟ್ ಓಯ್ತಲ್ಲ, ಬೀಗ ಹಾಕ್ಕಂಡು ಹೊಂಟೆ. ಅಷ್ಟರಲ್ಲಿ ಇನ್ಯಾರೋ ಬಾರಿಸ್ತಾ ಇದ್ರು. ಅದು ಗುದ್ದಂಗಿರ್ನಿಲ್ಲ, ಕಿವಿಗೆ ಇತವಾಗಿತ್ತು. ಚೆಂದಾಗದಲ್ಲ, ಬಿರ್ಬಿರ್ನೆ ಓಗಿ ಕೇಳನ ಅಂತ ಅರ್ಧ ದಾರಿಗಂಟ ಬಂದಿದ್ದೆ. ಮೋಟ್ರು ಸ್ಟಾರ್ಟರ್ ಆಫ್ ಮಾಡಿರ್ನಿಲ್ಲ, ಕರೆಂಟ್ ಬಂದ್ರೆ ತಾನೇ ಓಡ್ತದೆ ಅಂತ ನೆಪ್ಪಾಯ್ತು, ವಾಪಸ್ ಓದೆ."

ಒಬ್ಬ ವಾಚರು ನೀರು ಹರಿದು ಹಸಿಯಾಗಿದ್ದ ಕಾಲುದಾರಿಯಲ್ಲಿ ಬಗ್ಗಿ ನೋಡುತ್ತಿದ್ದ. ಅಲ್ಲಿ ಅಕ್ಕನ ಚಪ್ಪಲಿ ಮನೆಯ ಕಡೆ ಬಂದ ಗುರುತಿತ್ತು, ತಿರುಗಿದ ಗುರುತಿತ್ತು. ತಿರುಗಿದ ಗುರುತನ್ನು ತುಳಿದುಕೊಂಡು ಒಂದು ಅಗಲವಾದ ಹೆಜ್ಜೆ ಅಡ್ಡ ದಾಟಿ ಹೋಗಿತ್ತು. ಅದರೊಳಕ್ಕೆ ನೀರು ಇನ್ನೂ ಜಿನುಗುತ್ತಿತ್ತು. ಮೇಷ್ಟ್ರು ಅದನ್ನು ನೋಡಿದವರೇ ಬದುವಿನ ಮೇಲೆ ಕುಸಿದು ಕುಳಿತರು. ಅಕ್ಕ ಸೆರಗಿನಿಂದ ಅವರ ಮುಖ ಒರೆಸುತ್ತ, "ಏಳಿ, ಮ್ಯಾಕೆ ಏಳಿ, ಏನೂ ಆಗ್ನಿಲ್ಲವಲ್ಲ" ಎನ್ನುತ್ತಿದ್ದರು.

ವಾಪಸು ಬರುವಾಗ ಮಿಲ್ಲಿನವರಿಗೆ ಕಾರು ಓಡಿಸಲು ಆಗಲಿಲ್ಲ. ನಾನೇ ಓಡಿಸಿದೆ. ಹ್ಯಾಂಡ್‌ಪೋಸ್ಟಿನಲ್ಲಿ ಟೀ ಕುಡಿಯಲು ನಿಲ್ಲಿಸಿದೆವು. ಬಸ್ಸುಗಳು, ಹಣ್ಣಿನ ಗಾಡಿಗಳು, ಭಾನುವಾರದ ಜನ. ಅಷ್ಟು ಜನರ ನಡುವೆಯೂ ನಾನು ಅಂಗಡಿಗಳ ಹಿಂದಿನ ಬೇಲಿ ನೋಡುತ್ತಿದ್ದೆ. ಮಿಲ್ಲಿನವರು ಲೋಟ ಹಿಡಿದುಕೊಂಡೇ ಇದ್ದರು, ಕುಡಿಯಲಿಲ್ಲ.

"ಮೇಡಂ, ನಾನು ಹಾಕಿದ್ದಕ್ಕೇ ಅವ್ರು ಬಂದಿದ್ದು."

"ಹಾಕದಿದ್ರೂ ಬರ್ತಿದ್ರು. ಕರೆಂಟ್ ಹೋಗಿತ್ತಲ್ಲ."

"ನಿಧಾನಕ್ಕೆ ಬರ್ತಿದ್ರು. ನಂದು ಕೇಳಿ ಬೇಗ ಬಂದ್ರು."

ಬೇಗ ಬಂದದ್ದರಿಂದಲೇ ಬೇಗ ನೆನಪಾಗಿ ಬೇಗ ತಿರುಗಿದರೇನೋ. ನಿಧಾನವಾಗಿ ಬಂದಿದ್ದರೆ ಆ ಹೆಜ್ಜೆ ದಾಟಿದ ಹೊತ್ತಿಗೆ ಸರಿಯಾಗಿ ಅಲ್ಲೇ ಇರುತ್ತಿದ್ದರೇನೋ. ಇದನ್ನು ಅವರಿಗೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ನನಗೇ ಇನ್ನಷ್ಟು ಭಯವಾಯಿತು. ಅವರಿಗೂ ಸಮಾಧಾನವಾದಂತೆ ಕಾಣಲಿಲ್ಲ.

ಫಾರೆಸ್ಟ್‌ನವರು ಬೋನು ಇಟ್ಟರು. ಹುಲಿ ಬೋನಿಗೆ ಬೀಳಲಿಲ್ಲ, ಮತ್ತೆ ಆ ಕಡೆ ಕಾಣಿಸಿಕೊಳ್ಳಲೂ ಇಲ್ಲ. ಬೋನನ್ನು ಬೇರೆ ಊರಿಗೆ ಸಾಗಿಸಿದರು. ಅಕ್ಕ ಜೋಳ ಕೊಯ್ಲು ಮಾಡಿಸಿ, ಆ ಕಾಲುದಾರಿಯ ಎರಡೂ ಬದಿ ಬಯಲು ಬಿಡಿಸಿದ್ದಾರೆ. ನೀರು ಬಿಡಲು ಈಗಲೂ ಒಬ್ಬರೇ ಹೋಗುತ್ತಾರಂತೆ. ಫೋನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಮೇಷ್ಟ್ರು ಆಗಾಗ ಫೋನು ಮಾಡಿ ಬೈಸಿಕೊಳ್ಳುತ್ತಾರೆ.

ನಮ್ಮ ಕೂಟ ಈಗ ಅಂಗಡಿಗೆ ಹೊಂದಿಕೊಂಡ ನನ್ನ ಮನೆಯಲ್ಲೇ ನಡೆಯುತ್ತದೆ. ಆ ಸೊನಾಟಾವನ್ನು ಯಾರೂ ತರುವುದಿಲ್ಲ, ತರಬಾರದೆಂದು ಯಾರೂ ಹೇಳಿಯೂ ಇಲ್ಲ. ನಾನೊಮ್ಮೆ ಒಬ್ಬಳೇ ಇದ್ದಾಗ ಅದರ ನಿಧಾನದ ಭಾಗ ಹಾಕಿ ನೋಡಿದೆ. ಒಂದು ಸ್ವರ ಆರುತ್ತ ಬಂದು, ಮುಂದಿನದು ಇನ್ನೂ ಬಾರದ ಆ ನಡುವಿನ ಜಾಗದಲ್ಲಿ ಕೂತಿರಲಾಗಲಿಲ್ಲ. ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿದೆಯೇ ಎಂದು ನೋಡಿಬಂದೆ. ಆ ಬಾಗಿಲಾಚೆ ಇರುವುದು ಪಕ್ಕದ ಮನೆಯ ಗೋಡೆ.

ಮೇಷ್ಟ್ರು ಈಗ ಅಕ್ಕನನ್ನೂ ಕರೆದುಕೊಂಡು ಬರುತ್ತಾರೆ. ಅಕ್ಕ ಮಿಲ್ಲಿನವರ ಪಕ್ಷ. ಅದಕ್ಕೆ ಜಗಳ ಮೊದಲಿಗಿಂತ ಜೋರು. ಆದರೆ ಮಾತು ಎಷ್ಟೇ ರಂಗೇರಿರಲಿ, ಬಿಸಿಲು ಸ್ವಲ್ಪ ಓರೆಯಾದ ಕೂಡಲೇ ಮೇಷ್ಟ್ರು ಕಿಟಕಿ ನೋಡಲು ಶುರು ಮಾಡುತ್ತಾರೆ. "ಏಳೇ, ಹೊತ್ತಿದ್ದಂಗೇ ಮನೆ ಸೇರ್ಕಳನ" ಎನ್ನುತ್ತಾರೆ. ಅಕ್ಕ ಇನ್ನೊಂದು ರೆಕಾರ್ಡು ಕೇಳಿ ಹೋಗೋಣ ಎಂದರೂ ಬಿಡುವುದಿಲ್ಲ. ಅವರು ಮನೆ ತಲುಪಿ ಫೋನು ಮಾಡುವ ತನಕ ನಾನು ಅಂಗಡಿಯ ಬಾಗಿಲಲ್ಲಿ ನಿಂತಿರುತ್ತೇನೆ.