ಅಕ್ಕನಿಗೆ ಒಪ್ಪಿದ ಎಡಿಟರ್

ಗೆಳೆಯರೇ, ಇವತ್ತು ನನ್ನ ಲಿನಕ್ಸ್ ಪಾಂಡಿತ್ಯವನ್ನು ಅಕ್ಕ ಆಳಂದದ ಬಸ್ ನಿಲ್ದಾಣಕ್ಕೇ ಕೇಳುವಂತೆ ಬೈದಳು. ನಿಲ್ದಾಣದ ಎದುರಿಗೇ ಆಕೆಯ ಟೈಪಿಂಗ್ ಅಂಗಡಿ. ಅಲ್ಲಿನ ಹಳೆಯ ಕಂಪ್ಯೂಟರಿಗೆ ನಾನು ಹಗುರವಾದ ಲಿನಕ್ಸ್ ಕಾರ್ಯವ್ಯವಸ್ಥೆ ಹಾಕಿ, ಬರೆಯಲು ಪಂಡಿತರು ಮೆಚ್ಚುವ ಎಡಿಟರ್ ತಂತ್ರಾಂಶ ಕೊಟ್ಟಿದ್ದೆ. ಅಕ್ಕ ಗಿರಾಕಿಯ ಅರ್ಜಿ ಟೈಪ್ ಮಾಡಹೋದರೆ ಅಕ್ಷರ ಮೂಡಲಿಲ್ಲ, ಯಂತ್ರ ಕೀಂ ಕೀಂ ಎಂದಿತು.

"ಇದ್ಯಾಕ ಒದರಾಕತ್ತೈತಿ ಲೇ?"

"ಮೊದಲ 'ಐ' ಒತ್ತಬೇಕಕ್ಕಾ, ಆಮ್ಯಾಲೆ ಬರೀಬೇಕು."

"ಬರಿಯಾಕೂ ಇದರ ಇಜಾಜತ್ ಕೇಳ್ಬೇಕೇನು? ಹೊರಗ ಹೆಂಗ ಬರೂದು, ಅದನರ ಹೇಳು."

ಮೊದಲು ಎಸ್ಕೇಪ್, ಆಮೇಲೆ ಕೋಲನ್, ಆಮೇಲೆ 'ಕ್ಯೂ', ಕೊನೆಗೆ ಎಂಟರ್ ಎಂದು ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಹಳೆಯ ಟೈಪ್‌ರೈಟರಿನ ಮುಚ್ಚಳ ತೆಗೆದಳು. ಕಂಪ್ಯೂಟರ್ ಕೊಳ್ಳೆಂದು ಪೀಡಿಸಿದವನು ನಾನೇ ತಾನೆ!

ಲಿನಕ್ಸ್ ಹಾಕಿದ್ದ ಸಿ.ಡಿ.ಯನ್ನೆಲ್ಲ ಜಾಲಾಡಿ ಒಂದು ಪುಟ್ಟ ಎಡಿಟರ್ ಹುಡುಕಿದೆ. ಅದರಲ್ಲಿ ಒತ್ತಿದ ಅಕ್ಷರವೇ ಮೂಡುತ್ತದೆ, ಹೊರಬರುವ ದಾರಿಯೂ ಪರದೆಯ ಮೇಲೇ ಬರೆದಿರುತ್ತದೆ. ಅಕ್ಕ ಪರೀಕ್ಷೆಗೆಂದು "ನನ್ನ ತಮ್ಮ ಕತ್ತೆ" ಎಂದು ಇಂಗ್ಲಿಷಿನಲ್ಲಿ ಬರೆದು ಉಳಿಸಿದಳು. ಮತ್ತೆ ತೆರೆದು "ದೊಡ್ಡ" ಎಂದು ಸೇರಿಸಿ ಉಳಿಸಿದಳು.

"ಹಾಂ, ಇದು ಚಲೋ ಐತಿ ನೋಡು!"

ಆಕೆ ಚಹಾಕ್ಕೆ ಎದ್ದಾಗ ಆ ಕಡತವನ್ನೇ ಅಳಿಸಿದೆ. ಆದರೆ ಈ ಎಡಿಟರ್ ಬಲು ನಂಬಿಗಸ್ತ, ತಿದ್ದುವ ಮುಂಚಿನ ನಕಲನ್ನು ತಾನಾಗಿಯೇ ಬೇರೆ ಕಡತದಲ್ಲಿ ಜೋಪಾನ ಮಾಡಿಡುತ್ತದೆ. ಹಾಗಾಗಿ ದೊಡ್ಡ ಕತ್ತೆ ಹೋಗಿ, ಈಗ ನಾನು ಬರೀ ಕತ್ತೆಯಾಗಿ ಉಳಿದಿದ್ದೇನೆ.